ಒಂದೇ ಹಾಸಿಗೆ, ಹಲವು ಗಡಿ: ಕ್ರೂಸ್ ಹಡಗಿನ ವಲಸೆ ತಪಾಸಣೆ ಮತ್ತು ಸುಂಕದ ಲೆಕ್ಕ

ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ ಮಾಡಿಕೊಂಡಿರುವ ನಮ್ಮ ಭಾವನವರು ಮತ್ತು ಅಕ್ಕ ಕೆಲವು ವರ್ಷಗಳ ಹಿಂದೆ ಸಿಯಾಟಲ್‌ನಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಅವರಿಬ್ಬರಿಗಾಗಿ ಮಗ ಅಲಾಸ್ಕಕ್ಕೆ ಏಳು ದಿನಗಳ ಕ್ರೂಸ್ ಪ್ರಯಾಣವನ್ನು ಕಾಯ್ದಿರಿಸಿದ್ದ. ಸಿಯಾಟಲ್‌ನಲ್ಲಿ ಹತ್ತಿ ಸಿಯಾಟಲ್‌ನಲ್ಲೇ ಇಳಿಯುವ ಪ್ರಯಾಣ. ಇಬ್ಬರ ಬಳಿಯೂ ಹತ್ತು ವರ್ಷದ ಅಮೆರಿಕದ ವೀಸಾ ಇತ್ತು. ಆದರೂ ಬಂದರಿನ ಕೌಂಟರಿನಲ್ಲಿದ್ದ ಹುಡುಗಿ ಪಾಸ್‌ಪೋರ್ಟಿನ ಪುಟಗಳನ್ನು ತಿರುವಿ ನೋಡಿ ಕೆನಡಾದ ವೀಸಾ ಎಲ್ಲಿ ಎಂದು ಕೇಳಿದಳು. ಇಲ್ಲವೆಂದಾಗ ಹಡಗು ಹತ್ತಲು ಬಿಡಲಿಲ್ಲ. ಆ ದಿನ ಭಾವನವರು ಫೋನ್ ಮಾಡಿ, "ಹತ್ತೋದೂ ಅಮೆರಿಕ, ಇಳಿಯೋದೂ ಅಮೆರಿಕ, ನಡುವೆ ಈ ಕೆನಡಾ ಎಲ್ಲಿಂದ ಬಂತು ಮಾರಾಯ?" ಎಂದು ಕೇಳಿದರು. ಉತ್ತರ ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು 1886ರ ಒಂದು ಕಾನೂನು.

ಆ ವರ್ಷ ಅಮೆರಿಕ ಜಾರಿಗೆ ತಂದ ಪ್ರಯಾಣಿಕ ಹಡಗು ಸೇವೆಗಳ ಕಾಯ್ದೆಯ ಪ್ರಕಾರ, ಅಮೆರಿಕದಲ್ಲೇ ಕಟ್ಟಿದ, ಅಮೆರಿಕನ್ನರ ಒಡೆತನದ, ಅಮೆರಿಕದ ಬಾವುಟವಿರುವ ಹಡಗು ಮಾತ್ರ ಆ ದೇಶದ ಬಂದರುಗಳ ನಡುವೆ ಪ್ರಯಾಣಿಕರನ್ನು ಸಾಗಿಸಬಹುದು. ಇಂದಿನ ದೊಡ್ಡ ಕ್ರೂಸ್ ಹಡಗುಗಳು ಬಹುಪಾಲು ಇಟಲಿ, ಜರ್ಮನಿ, ಫ್ರಾನ್ಸ್ ಅಥವಾ ಫಿನ್ಲೆಂಡಿನಲ್ಲಿ ಹುಟ್ಟಿ, ಬಹಾಮಾಸ್, ಪನಾಮಾ, ಮಾಲ್ಟಾ ಮುಂತಾದ ದೇಶಗಳ ಬಾವುಟ ಹೊತ್ತು ಓಡಾಡುತ್ತವೆ. ಅಂಥ ಹಡಗು ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳಬೇಕಾದರೆ ನಡುವೆ ಒಂದಾದರೂ ವಿದೇಶಿ ಬಂದರನ್ನು ಮುಟ್ಟಲೇಬೇಕು. ಆದ್ದರಿಂದಲೇ ಅಲಾಸ್ಕದ ಹಡಗುಗಳು ಹಿಂದಿರುಗುವಾಗ ಕೆನಡಾದ ವಿಕ್ಟೋರಿಯಾ ಬಂದರಿನಲ್ಲಿ ಒಂದು ಸಂಜೆಯ ಕೆಲವು ಗಂಟೆ ನಿಂತು ಬರುತ್ತವೆ. ಕೋವಿಡ್ ಕಾಲದಲ್ಲಿ ಕೆನಡಾ ತನ್ನ ಬಂದರುಗಳನ್ನು ಕ್ರೂಸ್ ಹಡಗುಗಳಿಗೆ ಮುಚ್ಚಿದಾಗ ಅಲಾಸ್ಕದ ಪ್ರವಾಸೋದ್ಯಮವೇ ನಿಂತುಹೋಗುವಂತಾಗಿ, 2021ರಲ್ಲಿ ಅಮೆರಿಕದ ಸಂಸತ್ತು ತಾತ್ಕಾಲಿಕ ವಿನಾಯಿತಿಗಾಗಿ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ನೂರಮೂವತ್ತು ವರ್ಷಗಳಿಗೂ ಹಳೆಯದಾದ ಆ ಕಾಯ್ದೆ ತೀರ್ಥಹಳ್ಳಿಯ ಇಬ್ಬರು ಹಿರಿಯರನ್ನು ಸಿಯಾಟಲ್‌ನ ಬಂದರಿನಿಂದ ವಾಪಸು ಕಳಿಸಿತು.

ನೀರಿನ ಮೇಲಿನ ಪ್ರಯಾಣವೆಂದರೆ ನಮ್ಮ ಕಡೆಯವರಿಗೆ ಥಟ್ಟನೆ ನೆನಪಾಗುವುದು ಶರಾವತಿ ಹಿನ್ನೀರಿನ ಲಾಂಚ್. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಉದ್ಘಾಟನೆಯಾಗುವವರೆಗೆ ಬಸ್ಸು, ಜೀಪು, ಜನ ಎಲ್ಲರೂ ಒಟ್ಟಿಗೆ ಲಾಂಚ್ ಹತ್ತಿ ಆಚೆ ದಡದಲ್ಲಿ ಇಳಿದು ಹೋಗುತ್ತಿದ್ದರು, ಯಾರೂ ಯಾರ ಹೆಸರನ್ನೂ ಬರೆದುಕೊಳ್ಳುತ್ತಿರಲಿಲ್ಲ. ಕ್ರೂಸ್ ಹಡಗಿನಲ್ಲಿಯೂ ಪ್ರಯಾಣಿಕನಿಗೆ ಆಗುವ ಅನುಭವ ಇದಕ್ಕಿಂತ ಬಹಳ ಬೇರೆಯೇನಲ್ಲ. ರಾತ್ರಿ ಒಂದು ದೇಶದ ನೀರಿನಲ್ಲಿ ಮಲಗಿ ಬೆಳಿಗ್ಗೆ ಇನ್ನೊಂದು ದೇಶದ ದಡದಲ್ಲಿ ಅದೇ ಹಾಸಿಗೆಯಿಂದ ಏಳುವುದರಿಂದ ಗಡಿ ದಾಟಿದ ಅರಿವೇ ಉಂಟಾಗುವುದಿಲ್ಲ. ಕಾನೂನು ಮಾತ್ರ ಹಾಸಿಗೆಯನ್ನು ನೋಡುವುದಿಲ್ಲ, ಬಂದರನ್ನು ನೋಡುತ್ತದೆ. ಹಡಗು ಒಂದು ದೇಶದ ಕೊನೆಯ ಬಂದರನ್ನು ಬಿಟ್ಟರೆ ಅಲ್ಲಿಂದ ನಿರ್ಗಮನ, ಮತ್ತೆ ಅದೇ ಬಂದರಿಗೆ ಬಂದರೂ ಅದು ಹೊಸ ಪ್ರವೇಶ.

ಆ ಗಡಿ ಸಮುದ್ರದಲ್ಲಿ ಎಲ್ಲಿದೆ ಎಂಬುದಕ್ಕೂ ಲೆಕ್ಕವಿದೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ಕರಾವಳಿಯಿಂದ 12 ನಾಟಿಕಲ್ ಮೈಲಿಯವರೆಗಿನ ನೀರು, ಅಂದರೆ ಸುಮಾರು 22 ಕಿಲೋಮೀಟರ್, ಆಯಾ ದೇಶದ ನೆಲಕ್ಕೆ ಸಮಾನ. ಶಿವಮೊಗ್ಗದಿಂದ ಭದ್ರಾವತಿಗಿರುವ ದೂರಕ್ಕೆ ಹೆಚ್ಚುಕಡಿಮೆ ಸರಿಸಾಟಿ. ಅದರಾಚೆ 24 ನಾಟಿಕಲ್ ಮೈಲಿಯವರೆಗಿನ ಪಟ್ಟಿಯಲ್ಲಿ ಸುಂಕ, ತೆರಿಗೆ, ವಲಸೆ ಮತ್ತು ಆರೋಗ್ಯದ ಕಾನೂನುಗಳ ಉಲ್ಲಂಘನೆಯನ್ನು ತಡೆಯುವ ಅಧಿಕಾರ ಆ ದೇಶಕ್ಕಿದೆ. ಹಡಗು ಬಂದರಿನಲ್ಲಿ ನಿಂತಿರುವಾಗ ಒಳಗಿನ ಕ್ಯಾಸಿನೊ ಮತ್ತು ಸುಂಕರಹಿತ ಅಂಗಡಿಗಳು ಸಾಮಾನ್ಯವಾಗಿ ಬಾಗಿಲು ಹಾಕಿಕೊಂಡು, ನಡುಸಮುದ್ರಕ್ಕೆ ಹೋದ ಮೇಲೆ ತೆರೆದುಕೊಳ್ಳುವುದು ಈ ಕಾರಣಕ್ಕೆ.

ವಿಮಾನ ನಿಲ್ದಾಣದಲ್ಲಿ ವಲಸೆ ತಪಾಸಣೆ ಎಂದರೆ ಕಣ್ಣಿಗೆ ಕಾಣುವ ಸಾಲು, ಗಾಜಿನ ಪೆಟ್ಟಿಗೆಯೊಳಗಿನ ಅಧಿಕಾರಿ, ಠಸ್ಸೆಯ ಸದ್ದು. ಹಡಗಿನಲ್ಲಿ ಈ ಕೆಲಸದ ಮುಕ್ಕಾಲು ಪಾಲು ಪ್ರಯಾಣಿಕನಿಗೆ ಕಾಣದಂತೆ, ಅವನು ಬಂದರು ತಲುಪುವ ಮೊದಲೇ ಮುಗಿದಿರುತ್ತದೆ. ಅಮೆರಿಕಕ್ಕೆ ಬರುವ ಹಡಗು ತನ್ನ ಆಗಮನದ ಸೂಚನೆಯನ್ನು ಸಾಮಾನ್ಯವಾಗಿ 96 ಗಂಟೆ ಮೊದಲೇ ಕಳುಹಿಸಬೇಕು. ತಮ್ಮ ತಮ್ಮೊಳಗೆ ಗಡಿ ತಪಾಸಣೆ ಇಟ್ಟುಕೊಳ್ಳದ ಯುರೋಪಿನ ಷೆಂಗೆನ್ ದೇಶಗಳ ಗಡಿ ಸಂಹಿತೆಯಂತೆ ಹಡಗಿನ ಕಪ್ತಾನ ಅಥವಾ ಹಡಗಿನ ಪರವಾಗಿ ಬಂದರಿನ ಕೆಲಸ ನೋಡಿಕೊಳ್ಳುವ ಏಜೆಂಟು ಪ್ರಯಾಣಿಕರ ಮತ್ತು ಸಿಬ್ಬಂದಿಯ ಪಟ್ಟಿಯನ್ನು ಕನಿಷ್ಠ 24 ಗಂಟೆ ಮುಂಚಿತವಾಗಿ ಕೊಡಬೇಕು. ಯಾವ ಯಾವ ಕಾಗದಗಳನ್ನು ಕೇಳಬಹುದು ಎಂಬುದನ್ನು 1965ರಲ್ಲಿ ಅಂಗೀಕಾರವಾದ ಅಂತಾರಾಷ್ಟ್ರೀಯ ಒಪ್ಪಂದವೊಂದು ನಿಗದಿಪಡಿಸಿತು: ಹಡಗಿನ ಸಾಮಾನ್ಯ ಘೋಷಣೆ, ಸರಕಿನ ಪಟ್ಟಿ, ಹಡಗಿನ ಉಗ್ರಾಣದಲ್ಲಿರುವ ಮದ್ಯ–ತಂಬಾಕು–ದಿನಸಿಯ ಪಟ್ಟಿ, ಸಿಬ್ಬಂದಿಯ ಸ್ವಂತ ವಸ್ತುಗಳ ಪಟ್ಟಿ, ಸಿಬ್ಬಂದಿಯ ಮತ್ತು ಪ್ರಯಾಣಿಕರ ಹೆಸರುಗಳು. ಮೊದಲು ಕಾಗದದ ಕಟ್ಟುಗಳಾಗಿ ಕೈಯಿಂದ ಕೈಗೆ ಹೋಗುತ್ತಿದ್ದ ಇವೆಲ್ಲವನ್ನೂ 2024ರ ಜನವರಿ 1ರಿಂದ ಒಂದೇ ವಿದ್ಯುನ್ಮಾನ ಕಿಂಡಿಯ ಮೂಲಕ ಸ್ವೀಕರಿಸಬೇಕೆಂಬುದು ಸದಸ್ಯ ದೇಶಗಳಿಗೆ ಕಡ್ಡಾಯವಾಗಿದೆ.

ಆರೋಗ್ಯದ ಅನುಮತಿ ಇದಕ್ಕಿಂತ ಬಹಳ ಹಳೆಯದು. 1377ರಲ್ಲಿ ರಗೂಸಾ ಎಂಬ ಬಂದರು ಪಟ್ಟಣ, ಪ್ಲೇಗ್ ಇರುವ ಊರುಗಳಿಂದ ಬಂದವರು 30 ದಿನ ದೂರದಲ್ಲಿ ಉಳಿಯಬೇಕೆಂದು ವಿಧಿಸಿತು. ಮುಂದೆ ಅದು 40 ದಿನವಾಗಿ, ಇಟಲಿಯ ಭಾಷೆಯ ನಲವತ್ತು ಎಂಬ ಪದದಿಂದ ಕ್ವಾರಂಟೈನ್ ಎಂಬ ಮಾತು ಬಂತು. ಆ ರಗೂಸಾವೇ ಇಂದಿನ ಡುಬ್ರೊವ್ನಿಕ್, ಈಗ ಅಲ್ಲಿಗೆ ಕ್ರೂಸ್ ಹಡಗುಗಳದ್ದೇ ಜಾತ್ರೆ. ಇಂದಿಗೂ ಹಡಗು ಬಂದರಿಗೆ ಬರುವಾಗ ಹಳದಿ ಬಾವುಟ ಏರಿಸಿದರೆ, "ನನ್ನ ಹಡಗಿನಲ್ಲಿ ರೋಗವಿಲ್ಲ, ಪ್ರವೇಶಕ್ಕೆ ಅನುಮತಿ ಕೊಡಿ" ಎಂದು ಅರ್ಥ. ಆ ಅನುಮತಿ ಸಿಕ್ಕು, ಏಜೆಂಟು ಮತ್ತು ಅಧಿಕಾರಿಗಳು ಒಳಗೆ ಬಂದು ಕಡತಗಳನ್ನು ನೋಡಿ, ಹಡಗು ಕ್ಲಿಯರ್ ಆಗಿದೆ ಎಂದು ಧ್ವನಿವರ್ಧಕದಲ್ಲಿ ಹೇಳುವವರೆಗೆ ಯಾರನ್ನೂ ಕೆಳಗೆ ಬಿಡುವುದಿಲ್ಲ. ಲಂಗರು ಹಾಕಿ ಮುಕ್ಕಾಲು ಗಂಟೆಯಾದರೂ ಬಾಗಿಲು ತೆರೆಯಲಿಲ್ಲವೆಂದು ಸಿಡಿಮಿಡಿಗೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಹೀಗೆ ಪ್ರಯಾಣಿಕನ ಪರವಾಗಿ ಹಡಗೇ ಉತ್ತರ ಕೊಡುವುದು ಇಡೀ ವ್ಯವಸ್ಥೆಯ ಮೂಲ. ಇದೂ ಹೊಸದಲ್ಲ. 1623ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವೆಯಿಂದ ಸಮುದ್ರ ಮಾರ್ಗವಾಗಿ ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆಯ ಮೇಲೆ ಘಟ್ಟ ಹತ್ತಿ ವೆಂಕಟಪ್ಪ ನಾಯಕನ ಇಕ್ಕೇರಿಯನ್ನು ತಲುಪಿದ್ದು ಪೋರ್ಚುಗೀಸ್ ರಾಯಭಾರಿಯ ಪರಿವಾರದಲ್ಲಿ ಒಬ್ಬನಾಗಿ. ಇಂದಿನ ಕ್ರೂಸ್ ಪ್ರಯಾಣಿಕನೂ ಒಂದು ಪರಿವಾರದ ಪಟ್ಟಿಯಲ್ಲಿ ಸೇರಿಕೊಂಡೇ ದೇಶದೊಳಗೆ ಕಾಲಿಡುತ್ತಾನೆ. ಆದರೆ ಪರಿವಾರದಲ್ಲಿ ಒಬ್ಬನ ಕಾಗದ ಸರಿಯಿಲ್ಲದಿದ್ದರೆ ದಂಡ ತೆರಬೇಕಾದವರು, ಅವನನ್ನು ವಾಪಸು ಒಯ್ಯಬೇಕಾದವರು ಹಡಗಿನವರು. ಆದ್ದರಿಂದಲೇ ಅತ್ಯಂತ ಕಟ್ಟುನಿಟ್ಟಿನ ವೀಸಾ ತಪಾಸಣೆ ನಡೆಯುವುದು ವಿದೇಶದ ಬಂದರಿನಲ್ಲಲ್ಲ, ಹತ್ತುವ ಬಂದರಿನ ಚೆಕ್-ಇನ್ ಕೌಂಟರಿನಲ್ಲಿ. ಅಲ್ಲಿ ಕುಳಿತವರು ಸರ್ಕಾರಿ ಅಧಿಕಾರಿಗಳಲ್ಲ, ಕಂಪನಿಯ ನೌಕರರು. ವಿನಾಯಿತಿ ಕೊಡುವ ಅಧಿಕಾರ ಅವರಿಗಿಲ್ಲ. ಕಂಪನಿಯ ಷರತ್ತುಗಳಲ್ಲಿ ಕಾಗದಪತ್ರದ ಹೊಣೆ ಪ್ರಯಾಣಿಕನದೇ ಎಂದು ಬರೆದಿರುವುದರಿಂದ ಹತ್ತಲು ಬಿಡದಿದ್ದರೆ ಟಿಕೆಟ್ಟಿನ ಹಣ ಮರಳುವುದೂ ಕಷ್ಟ.

ಹಾಗಾಗಿ ಹೊರಡುವ ಮುಂಚೆಯೇ ನೋಡಿಕೊಳ್ಳಬೇಕಾದ ಸಂಗತಿಗಳಿವೆ. ಮೊದಲು ಹೆಸರಿನ ವಿಷಯ, ಏಕೆಂದರೆ ನಮ್ಮ ಭಾಗದವರು ಎಡವುವುದು ಇಲ್ಲೇ. ಪಾಸ್‌ಪೋರ್ಟಿನ ಕೆಳಭಾಗದಲ್ಲಿ ಯಂತ್ರ ಓದುವ ಎರಡು ಸಾಲುಗಳಿವೆ, ಒಂದೊಂದರಲ್ಲಿ 44 ಅಕ್ಷರ. ಹಡಗಿನ ಪ್ರಯಾಣಿಕರ ಪಟ್ಟಿ ಸಿದ್ಧವಾಗುವುದು ಆ ಸಾಲುಗಳಿಗೆ ತಾಳೆಯಾಗುವಂತೆ. ಮಲೆನಾಡಿನ ಹಿರಿಯರ ಹೆಸರಾದರೋ ಊರಿನ ಮೊದಲಕ್ಷರ, ಅಪ್ಪನ ಮೊದಲಕ್ಷರ, ಆಮೇಲೆ ಸ್ವಂತ ಹೆಸರು. ಅದು ಆಧಾರ್‌ನಲ್ಲಿ ಒಂದು ಬಗೆ, ಬ್ಯಾಂಕಿನಲ್ಲಿ ಇನ್ನೊಂದು ಬಗೆ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದು ಮತ್ತೊಂದು ಬಗೆ. ಮಗನೋ ಮಗಳೋ ಆನ್‌ಲೈನಿನಲ್ಲಿ ಟಿಕೆಟ್ ತೆಗೆಯುವಾಗ ಮನೆಯಲ್ಲಿ ಕರೆಯುವ ರೂಢಿಯಂತೆ ಹೆಸರು ತುಂಬಿಬಿಡುತ್ತಾರೆ. ಕುಲನಾಮದ ಕಾಲಂ ಖಾಲಿಯಿರುವ ಒಂಟಿ ಹೆಸರಿನ ಪಾಸ್‌ಪೋರ್ಟ್ ಇದ್ದವರ ಪಾಡು ಇನ್ನೂ ತೊಡಕಿನದು. ಯುಎಇ 2022ರ ನವೆಂಬರಿನಿಂದ ಒಂಟಿ ಹೆಸರಿನವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶ ನಿರಾಕರಿಸುವ ನಿಯಮ ತಂದಿತು. ದುಬೈಯಿಂದ ಹೊರಡುವ ಹಡಗುಗಳಿಗೆ ಹೋಗುವವರಿಗೂ ಅದು ತಟ್ಟುತ್ತದೆ. ಅಂಥವರು ಪ್ರಯಾಣದ ಯೋಚನೆ ಬಂದ ಕೂಡಲೇ ಪಾಸ್‌ಪೋರ್ಟಿನಲ್ಲಿ ಹೆಸರನ್ನು ಎರಡು ಭಾಗವಾಗಿ ತಿದ್ದಿಸಿಕೊಳ್ಳುವುದು ಲೇಸು. ಜನ್ಮದಿನಾಂಕವೂ ಹಾಗೆಯೇ. ಶಾಲೆಗೆ ಸೇರಿಸಿದ ದಿನ ಮೇಷ್ಟ್ರು ಬರೆದುಕೊಂಡ ಜೂನ್ 1 ಪಾಸ್‌ಪೋರ್ಟಿನಲ್ಲಿದ್ದರೆ, ಜಾತಕದಲ್ಲಿ ಏನೇ ಇರಲಿ, ಎಲ್ಲ ಅರ್ಜಿಗಳಲ್ಲೂ ಜೂನ್ 1 ಎಂದೇ ಬರೆಯಬೇಕು.

ಎರಡನೆಯದು, ಭಾವನವರಿಗೆ ಆದ ತೊಂದರೆಯ ಇನ್ನೊಂದು ಮುಖ: ವೀಸಾ ಎಷ್ಟು ಸಲದ ಪ್ರವೇಶಕ್ಕೆ ಎಂಬುದು. ನಮ್ಮ ಜನ ಹೆಚ್ಚಾಗಿ ಹೋಗುವ ಸಿಂಗಪುರದ ಕ್ರೂಸ್‌ಗಳನ್ನು ತೆಗೆದುಕೊಳ್ಳಿ. ಬೆಂಗಳೂರಿನಿಂದ ವಿಮಾನದಲ್ಲಿ ಸಿಂಗಪುರ ಮುಟ್ಟಿದಾಗ ಮೊದಲ ಪ್ರವೇಶ. ಹಡಗು ಹತ್ತುವಾಗ ಅಲ್ಲಿಂದ ನಿರ್ಗಮನ. ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ನೋಡಿಕೊಂಡು ನಾಲ್ಕು ರಾತ್ರಿ ಕಳೆದು ಮರಳಿದಾಗ ಎರಡನೆಯ ಪ್ರವೇಶ. ವೀಸಾ ಒಂದೇ ಪ್ರವೇಶದ್ದಾಗಿದ್ದರೆ ಅದು ವಿಮಾನ ನಿಲ್ದಾಣದಲ್ಲೇ ಮುಗಿದಿರುತ್ತದೆ. ಇದರ ಜೊತೆಗೆ ಸಿಂಗಪುರಕ್ಕೆ ಬರುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್ ಆಗಮನ ಪತ್ರವನ್ನು ತುಂಬಬೇಕು, ಹಡಗಿನಿಂದ ಮರಳುವಾಗ ಮತ್ತೊಮ್ಮೆ ತುಂಬಬೇಕು. ಮಲೇಷ್ಯಾಕ್ಕೆ ಬೇರೆ ಡಿಜಿಟಲ್ ಪತ್ರವಿದೆ, ಥಾಯ್ಲೆಂಡಿಗೆ 2025ರ ಮೇ 1ರಿಂದ ಮತ್ತೊಂದಿದೆ. ಈ ಎರಡು ದೇಶಗಳು ಇತ್ತೀಚಿನ ವರ್ಷಗಳಲ್ಲಿ ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟಿರುವುದು ನಿಜ. ಆದರೆ ವಿನಾಯಿತಿಗಳಿಗೆ ಅವಧಿ ಇರುತ್ತದೆ, ಆಗಾಗ ಬದಲಾಗುತ್ತದೆ. ಈ ಪತ್ರಗಳೆಲ್ಲ ಆಯಾ ಸರ್ಕಾರದ ಜಾಲತಾಣದಲ್ಲಿ ಉಚಿತ. ಹಣ ಕೇಳುವ ತಾಣ ಸಿಕ್ಕರೆ ಅದು ಮಧ್ಯವರ್ತಿಯದು.

ಯುರೋಪಿನಲ್ಲಿ ಹಡಗು ಷೆಂಗೆನ್ ಬಂದರುಗಳನ್ನಷ್ಟೇ ಮುಟ್ಟುವುದಾದರೆ, ಬಾರ್ಸಿಲೋನಾ, ಮಾರ್ಸೇಲ್, ಜಿನೋವಾ ಹೀಗೆ, ನಡುವೆ ಗಡಿ ತಪಾಸಣೆಯೇ ಇರುವುದಿಲ್ಲ. ಅದೇ ಗ್ರೀಸಿನಿಂದ ಹೊರಟು ಟರ್ಕಿಯ ಒಂದು ಬಂದರನ್ನು ನೋಡಿ ಮತ್ತೆ ಗ್ರೀಸಿಗೆ ಬಂದರೆ ಷೆಂಗೆನ್‌ನಿಂದ ಹೊರಗೆ ಹೋಗಿ ಬಂದಂತೆ. ಆಗ ಬಹುಪ್ರವೇಶದ ವೀಸಾ ಬೇಕು, ಟರ್ಕಿಯ ನಿಯಮವನ್ನೂ ಬೇರೆಯಾಗಿ ನೋಡಿಕೊಳ್ಳಬೇಕು. 2025ರ ಅಕ್ಟೋಬರ್ 12ರಿಂದ ಯುರೋಪಿನ ಗಡಿಗಳಲ್ಲಿ ಠಸ್ಸೆಯ ಬದಲು ಬೆರಳಚ್ಚು ಮತ್ತು ಮುಖದ ಚಿತ್ರ ದಾಖಲಿಸುವ ಹೊಸ ವ್ಯವಸ್ಥೆ ಹಂತಹಂತವಾಗಿ ಆರಂಭವಾಗಿದ್ದು, 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದೆಂಬ ಮಿತಿಯನ್ನು ಈಗ ಕಂಪ್ಯೂಟರೇ ಎಣಿಸುತ್ತದೆ.

ಹಡಗು ಹತ್ತಿದ ಮೇಲೆ ಅನೇಕ ಮಾರ್ಗಗಳಲ್ಲಿ ಪಾಸ್‌ಪೋರ್ಟನ್ನು ಹಡಗಿನವರೇ ಪಡೆದು ಇಟ್ಟುಕೊಂಡು ರಸೀದಿ ಕೊಡುತ್ತಾರೆ. ಪಾಸ್‌ಪೋರ್ಟನ್ನು ಕೈಬಿಡಬಾರದು ಎಂದು ಮಕ್ಕಳು ಹೇಳಿ ಕಳಿಸಿದ್ದನ್ನು ನೆನೆದು ನಮ್ಮ ಹಿರಿಯರಿಗೆ ಇಲ್ಲಿ ಎದೆ ಝಲ್ಲೆನ್ನುತ್ತದೆ. ಹೆದರುವ ಕಾರಣವಿಲ್ಲ. ಸಾವಿರಾರು ಜನರನ್ನು ಸಾಲು ನಿಲ್ಲಿಸುವ ಬದಲು ಅಧಿಕಾರಿಗಳು ಪಾಸ್‌ಪೋರ್ಟುಗಳ ಪೆಟ್ಟಿಗೆಯನ್ನೇ ತರಿಸಿಕೊಂಡು ನೋಡುವುದಕ್ಕೆ ಇದು ಅನುಕೂಲ. ಅಂಥ ಬಂದರಿನಲ್ಲಿ ಕೆಳಗಿಳಿಯುವವನ ಬಳಿ ಇರಬೇಕಾದದ್ದು ಹಡಗಿನವರು ಕೊಡುವ ಗುರುತಿನ ಕಾರ್ಡು, ಪಾಸ್‌ಪೋರ್ಟ್ ಮತ್ತು ವೀಸಾದ ನಕಲು ಪ್ರತಿ, ಬಂದರಿನ ಏಜೆಂಟಿನ ಫೋನ್ ನಂಬರು. ಕೊನೆಯದು ಹಡಗಿನವರು ಪ್ರತಿದಿನ ಕೊಡುವ ಹಾಳೆಯ ಮೂಲೆಯಲ್ಲಿ ಅಚ್ಚಾಗಿರುತ್ತದೆ, ಯಾರೂ ನೋಡುವುದಿಲ್ಲ. ಇನ್ನು ಕೆಲವು ಬಂದರುಗಳಲ್ಲಿ ಎಲ್ಲರೂ ಮೂಲ ಪಾಸ್‌ಪೋರ್ಟ್ ಹಿಡಿದು ಅಧಿಕಾರಿಯ ಎದುರು ನಿಲ್ಲಲೇಬೇಕು, ಕೆಳಗಿಳಿಯದೆ ಹಡಗಿನಲ್ಲೇ ಉಳಿಯುವವರೂ ಸೇರಿ. ಯಾವ ಬಂದರಿನಲ್ಲಿ ಯಾವ ಕ್ರಮ ಎಂಬುದನ್ನು ಹಿಂದಿನ ರಾತ್ರಿ ಕೋಣೆಗೆ ಬರುವ ಅದೇ ಹಾಳೆ ಹೇಳುತ್ತದೆ.

ನಮ್ಮ ಮಗ್ಗುಲಲ್ಲೇ ಇದರ ಪ್ರತಿಬಿಂಬವಿದೆ. ಚಳಿಗಾಲದ ತಿಂಗಳುಗಳಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ಕ್ರೂಸ್ ಹಡಗುಗಳು ಬಂದು, ವಿದೇಶಿಯರು ಬಸ್ಸುಗಳಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ ಸಂಜೆಗೆ ಮರಳುತ್ತಾರೆ. ಮುಂಬಯಿ, ಮರ್ಮಗೋವಾ, ಕೊಚ್ಚಿ ಮತ್ತು ಚೆನ್ನೈಗಳ ಜೊತೆಗೆ ಇ-ವೀಸಾದ ಮೇಲೆ ಬರಬಹುದಾದ ಬಂದರುಗಳ ಸಾಲಿನಲ್ಲಿ ನವಮಂಗಳೂರೂ ಇದೆ. ಅವರು ನಮ್ಮ ನೆಲದಲ್ಲಿ ಆರು ಗಂಟೆ ಇರಲಿ, ಆರು ವಾರ ಇರಲಿ, ವೀಸಾ ಬೇಕೇ ಬೇಕು. ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುವುದಕ್ಕೆ ವೀಸಾ ಕೇಳುವುದು ಅನ್ಯಾಯವೆಂದು ಸಿಟ್ಟಾಗಿದ್ದ ಭಾವನವರಿಗೆ ನಾನು ಕೊಟ್ಟ ಉತ್ತರ ಇದೇ ಆಗಿತ್ತು. ಅವರು ಒಪ್ಪಲಿಲ್ಲ, ಅದು ಬೇರೆ ಮಾತು.

ಹೊರಡುವ ಹೊತ್ತಿಗೆ ಹಡಗಿಗೆ ಮರಳದಿದ್ದರೆ ಹಡಗು ಕಾಯುವುದಿಲ್ಲ. ಕಂಪನಿಯ ಮೂಲಕವೇ ಕಾಯ್ದಿರಿಸಿದ ಸುತ್ತಾಟದ ಬಸ್ಸು ತಡವಾದರೆ ಮಾತ್ರ ಸಾಮಾನ್ಯವಾಗಿ ಕಾಯುತ್ತಾರೆ. ಹಡಗಿನ ಗಡಿಯಾರ ಮತ್ತು ಊರಿನ ಗಡಿಯಾರ ಬೇರೆಯಿರಬಹುದು, ಲೆಕ್ಕಕ್ಕೆ ಹಿಡಿಯುವುದು ಹಡಗಿನದು. ತಪ್ಪಿಸಿಕೊಂಡವರ ಪಾಸ್‌ಪೋರ್ಟನ್ನು ಹಡಗಿನವರು ವಾಡಿಕೆಯಂತೆ ಕೋಣೆಯಲ್ಲಿ ಹುಡುಕಿ ಏಜೆಂಟಿನ ಕೈಗೆ ಕೊಟ್ಟು ಹೋಗುತ್ತಾರೆ. ಅಲ್ಲಿಂದ ಮುಂದೆ ಆ ವ್ಯಕ್ತಿ ಪಟ್ಟಿಯ ನೆರಳಿನಿಂದ ಹೊರಬಿದ್ದಂತೆ: ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ವಿಮಾನ ಹಿಡಿಯಬೇಕು, ಇದ್ದ ದೇಶದ ವಲಸೆ ಕಚೇರಿಗೆ ತಾನೇ ಉತ್ತರಿಸಬೇಕು. ಪಾಸ್‌ಪೋರ್ಟೇ ಕಳೆದುಹೋದರೆ ಭಾರತೀಯ ರಾಯಭಾರ ಕಚೇರಿ ಕೊಡುವ ತುರ್ತು ಪ್ರಮಾಣಪತ್ರದಿಂದ ಭಾರತಕ್ಕೆ ಮರಳಬಹುದೇ ಹೊರತು ಕ್ರೂಸ್ ಮುಂದುವರಿಸಲಾಗದು.

ಅಮೆರಿಕಕ್ಕೆ ಮರಳುವ ಹಡಗಿನ ವಿಷಯದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ನಮ್ಮವರಲ್ಲಿ ಹರಡಿದೆ. ಮಕ್ಕಳ ಮನೆಗೆ ಆರು ತಿಂಗಳಿಗೆಂದು ಹೋದವರು ನಡುವೆ ಕೆನಡಾ ಮುಟ್ಟಿ ಬಂದರೆ ಹೊಸದಾಗಿ ಆರು ತಿಂಗಳು ಸಿಗುತ್ತದೆ ಎಂದು ಅನೇಕರು ನಂಬಿದ್ದಾರೆ. ಅಮೆರಿಕದಲ್ಲಿ ಎಷ್ಟು ದಿನ ಇರಬಹುದು ಎಂಬುದನ್ನು ನಿರ್ಧರಿಸುವುದು ವೀಸಾ ಅಲ್ಲ, ಪ್ರವೇಶದ ವೇಳೆ ದಾಖಲಾಗುವ, ಉಳಿಯಬಹುದಾದ ಕೊನೆಯ ತಾರೀಕಿರುವ ಐ-94 ಎಂಬ ದಾಖಲೆ. ಕೆನಡಾ ಅಥವಾ ಮೆಕ್ಸಿಕೊಗೆ 30 ದಿನಕ್ಕಿಂತ ಕಡಿಮೆ ಅವಧಿಗೆ ಹೋಗಿ ಬಂದರೆ ಹಳೆಯ ಐ-94 ಹಾಗೆಯೇ ಮುಂದುವರಿಯಬಹುದು. ಆದ್ದರಿಂದ ಇಳಿದ ಮೇಲೆ ಸರ್ಕಾರದ ಜಾಲತಾಣದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಹಾಕಿ ತಾರೀಕನ್ನು ಕಣ್ಣಾರೆ ನೋಡಬೇಕು. ಅವಧಿ ಮೀರಿ ಉಳಿದದ್ದು ತಿಳಿಯದೆ ಆದರೂ ವೀಸಾ ರದ್ದಾಗುತ್ತದೆ.

ಕೊನೆಯ ದಿನದ ಇಳಿಯುವಿಕೆಗೆ ತನ್ನದೇ ಕ್ರಮವಿದೆ. ಹಿಂದಿನ ರಾತ್ರಿ ದೊಡ್ಡ ಪೆಟ್ಟಿಗೆಗಳಿಗೆ ಬಣ್ಣದ ಚೀಟಿ ಕಟ್ಟಿ ಕೋಣೆಯ ಹೊರಗಿಡಬೇಕು. ಬೆಳಿಗ್ಗೆ ಅವು ಬಂದರಿನ ಕಟ್ಟಡದಲ್ಲಿ ಆ ಬಣ್ಣದ ಸಾಲಿನಲ್ಲಿ ಕಾಯುತ್ತಿರುತ್ತವೆ. ಪಾಸ್‌ಪೋರ್ಟ್, ಬಿ.ಪಿ. ಮಾತ್ರೆ, ಮರುದಿನ ಉಡುವ ಬಟ್ಟೆ, ಈ ಮೂರನ್ನೂ ಕೈಚೀಲದಲ್ಲಿ ಉಳಿಸಿಕೊಳ್ಳದವರು ರಾತ್ರಿಯುಡುಪಿನಲ್ಲಿ ದೇಶ ಪ್ರವೇಶ ಮಾಡಿದ ಕತೆಗಳಿವೆ. ಅಮೆರಿಕದ ಬಂದರುಗಳಲ್ಲಿ ಹಿಂದಿನ ಪ್ರವಾಸದವರೆಲ್ಲ ಇಳಿದು ಲೆಕ್ಕ ಸೊನ್ನೆಗೆ ಬರುವವರೆಗೆ ಹೊಸಬರನ್ನು ಹತ್ತಿಸುವಂತಿಲ್ಲ. ಒಬ್ಬರು ಕೋಣೆಯಲ್ಲಿ ನಿದ್ದೆ ಹೋದರೂ ಮೂರು ಸಾವಿರ ಜನ ಕಾಯಬೇಕು.

ಇನ್ನು ಕಸ್ಟಮ್ಸ್. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬೇಡ ಎಂಬ ನಮ್ಮ ಗಾದೆಗೆ ಇಲ್ಲಿ ಅಕ್ಷರಶಃ ಬೆಲೆಯಿದೆ, ಏಕೆಂದರೆ ಅಧಿಕಾರಿಗೆ ಬೇಕಾದದ್ದು ಪೆಟ್ಟಿಗೆಯೊಳಗೇನಿದೆ ಎಂಬ ನೇರ ಉತ್ತರ ಮಾತ್ರ. ಮುಚ್ಚಿಟ್ಟದ್ದು ಅಪರಾಧ, ಹೇಳಿದ ತಿನಿಸು ಸಾಮಾನ್ಯವಾಗಿ ಹೆಚ್ಚೆಂದರೆ ಕಸದ ಬುಟ್ಟಿಗೆ ಹೋಗುತ್ತದೆ. ಮಲೆನಾಡಿನವರ ಪೆಟ್ಟಿಗೆಯಲ್ಲಿ ಚಿನ್ನಕ್ಕಿಂತ ತಿನ್ನುವ ಪದಾರ್ಥವೇ ಹೆಚ್ಚಾಗಿರುವುದರಿಂದ ಅದರಿಂದಲೇ ಆರಂಭಿಸಬೇಕು. ಹಾಲಿನ ಮತ್ತು ಮಾಂಸದ ಯಾವುದೇ ಪದಾರ್ಥವನ್ನು ಹೊರಗಿನ ದೇಶಗಳಿಂದ ಪ್ರಯಾಣಿಕರು ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ; ಅಂದರೆ ಮನೆಯ ತುಪ್ಪ ಮತ್ತು ಪೇಡ ಎರಡೂ ಇಲ್ಲ. ಅಮೆರಿಕಕ್ಕೆ ಹಸಿ ಕರಿಬೇವು ಒಯ್ಯುವಂತಿಲ್ಲ, ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಅದರ ಮೇಲೆ ಬದುಕುತ್ತದೆ. ಖಾಪ್ರಾ ಎಂಬ ದುಂಬಿಯ ಕಾಟವಿರುವ ದೇಶಗಳಿಂದ, ಭಾರತವೂ ಸೇರಿ, ಅಕ್ಕಿಯನ್ನು ಸಾಮಾನಿನಲ್ಲಿ ತರುವುದನ್ನೂ ಅಮೆರಿಕ ನಿಲ್ಲಿಸಿದೆ. ಜೇನುತುಪ್ಪವನ್ನು ನ್ಯೂಜಿಲೆಂಡ್ ಒಳಗೆ ಬಿಡುವುದಿಲ್ಲ. ಅಲ್ಲಿ ಘೋಷಿಸದೆ ಒಂದು ಹಣ್ಣು ಒಯ್ದರೂ 400 ನ್ಯೂಜಿಲೆಂಡ್ ಡಾಲರಿನ ದಂಡವನ್ನು ಸ್ಥಳದಲ್ಲೇ ವಿಧಿಸುತ್ತಾರೆ, ಆ ಹಣ್ಣು ಹಡಗಿನ ಊಟದ ಮನೆಯಿಂದ ಎತ್ತಿಟ್ಟುಕೊಂಡದ್ದಾದರೂ ಸರಿಯೇ. ಬೆಳಗಿನ ಉಪಾಹಾರದಲ್ಲಿ ಬಾಳೆಹಣ್ಣನ್ನು ಚೀಲಕ್ಕೆ ಹಾಕಿಕೊಳ್ಳುವ ಅಭ್ಯಾಸವಿರುವವರು ಗಮನಿಸಬೇಕಾದ ಮಾತಿದು.

ಗಸಗಸೆ ಅತ್ಯಂತ ಅಪಾಯಕಾರಿ. ನಮಗೆ ಅದು ಹಬ್ಬದ ಪಾಯಸ. ಯುಎಇಯಂಥ ಕೊಲ್ಲಿ ದೇಶಗಳಲ್ಲಿ ಅಫೀಮಿನ ಗಿಡದ ಬೀಜ, ಮಾದಕವಸ್ತು ಕಾನೂನಿನ ವ್ಯಾಪ್ತಿಗೆ ಬರುವ ಪದಾರ್ಥ. ಸಾಂಬಾರ ಪುಡಿಗೆ, ಕಜ್ಜಾಯಕ್ಕೆ ಬೆರೆಸಿದ್ದರೂ ಒಯ್ಯದಿರುವುದು ಕ್ಷೇಮ. ವೀಳ್ಯದೆಲೆಯನ್ನೂ ಯುಎಇ ನಿಷೇಧಿತ ಪಟ್ಟಿಯಲ್ಲಿಟ್ಟಿದೆ. ಇನ್ನು ಅಡಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿದ್ದು ನಮ್ಮ ಬೆಳೆಗಾರರಿಗೆ ನುಂಗಲಾರದ ತುತ್ತು. ಅದರ ಚರ್ಚೆ ಇಲ್ಲಿಗೆ ಬೇಡ. ವಿದೇಶಿ ಕಸ್ಟಮ್ಸ್ ಅಧಿಕಾರಿ ಅಡಿಕೆಯನ್ನು ಅನುಮಾನದಿಂದ ನೋಡುತ್ತಾನೆ ಎಂಬುದಷ್ಟೇ ಪ್ರಯಾಣಿಕನಿಗೆ ಬೇಕಾದ ವಿಷಯ. ತಂಬಾಕು ಬೆರೆತ ಪೊಟ್ಟಣವಾಗಿದ್ದರಂತೂ ಸಿಂಗಪುರದಲ್ಲಿ ಅದು ನಿಷಿದ್ಧವೇ, ಚೂಯಿಂಗ್ ಗಮ್ ಮತ್ತು ಇ-ಸಿಗರೇಟಿನಂತೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಕಾಳುಮೆಣಸು ಹೆಚ್ಚಿನ ದೇಶಗಳಲ್ಲಿ ಘೋಷಿಸಿದರೆ ದಾಟುತ್ತವೆ. ಆದರೆ ಮನೆಯಲ್ಲಿ ಮಾಡಿದ ತಿಂಡಿಯನ್ನು ಹಡಗಿನೊಳಗೆ ಬಿಡದ ಕಂಪನಿಗಳೂ ಇವೆ, ಅದು ಕಸ್ಟಮ್ಸ್ ನಿಯಮವಲ್ಲ. ಔಷಧಿಯನ್ನು ವೈದ್ಯರ ಚೀಟಿಯ ಜೊತೆ ಮೂಲ ಪೊಟ್ಟಣದಲ್ಲೇ ಒಯ್ಯಬೇಕು. ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಸಿದ ಹೆಸರಿಲ್ಲದ ಕಷಾಯದ ಪುಡಿ ಏನೆಂದು ಮಿಯಾಮಿಯ ಅಧಿಕಾರಿಗೆ ವಿವರಿಸುವ ಸಾಹಸ ಬೇಡ.

ಹಡಗಿನಲ್ಲಿ ಕೊಂಡದ್ದು ಸುಂಕರಹಿತ ಎಂಬ ಮಾತಿಗೂ ಮಿತಿಯಿದೆ. ಅಂಗಡಿಯವನು ಸುಂಕ ಹಾಕಿಲ್ಲ ಎಂದಷ್ಟೇ ಅದರ ಅರ್ಥ. ಇಳಿಯುವ ದೇಶ ಹಾಕುವುದಿಲ್ಲ ಎಂದಲ್ಲ. ಸಿಂಗಪುರದಲ್ಲಿ ಮದ್ಯಕ್ಕೆ ವಿನಾಯಿತಿ ಸಿಗಬೇಕಾದರೆ ಕನಿಷ್ಠ 48 ಗಂಟೆ ಹೊರಗಿದ್ದಿರಬೇಕು, ಮಲೇಷ್ಯಾದಿಂದ ಬಂದಿರಬಾರದು. ಕೊನೆಯ ಬಂದರು ಪೆನಾಂಗ್ ಆಗಿದ್ದ ಪ್ರಯಾಣಿಕನ ಬಾಟಲಿಗೆ ವಿನಾಯಿತಿ ಇಲ್ಲ. ಸಿಗರೇಟಿಗಂತೂ ಅಲ್ಲಿ ಒಂದು ಕಡ್ಡಿಗೂ ರಿಯಾಯಿತಿಯಿಲ್ಲ. ನಗದಿನ ವಿಷಯದಲ್ಲಿ ಅಮೆರಿಕ 10,000 ಡಾಲರ್, ಯುರೋಪ್ 10,000 ಯೂರೋ, ಸಿಂಗಪುರ 20,000 ಸಿಂಗಪುರ ಡಾಲರ್, ಯುಎಇ 60,000 ದಿರ್ಹಾಮ್ ಮುಟ್ಟಿದರೆ ಅಥವಾ ಮೀರಿದರೆ ಬರೆದುಕೊಡಬೇಕೆನ್ನುತ್ತವೆ. ಒಯ್ಯಬಾರದು ಎಂದಲ್ಲ, ಹೇಳಬೇಕು ಎಂದು.

ಭಾರತಕ್ಕೆ ಮರಳುವಾಗ ನಮ್ಮದೇ ಕಸ್ಟಮ್ಸ್ ಇದೆ. 2016ರ ಬ್ಯಾಗೇಜ್ ನಿಯಮಗಳು ಸುಂಕವಿಲ್ಲದೆ ತರಬಹುದಾದ ವಸ್ತುಗಳ ಮೌಲ್ಯವನ್ನು 50,000 ರೂಪಾಯಿಗೆ ನಿಗದಿಪಡಿಸಿದ್ದವು. ಇಂಥ ಅಂಕಿಗಳು ಬಜೆಟ್ಟಿನ ಜೊತೆ ಬದಲಾಗುವುದರಿಂದ ಹೊರಡುವ ವಾರದ ನಿಯಮವನ್ನೇ ನೋಡಿಕೊಳ್ಳಬೇಕು. ಹೆಣ್ಣುಮಕ್ಕಳು ಒಂದು ವಿಷಯವನ್ನು ಮರೆಯಬಾರದು. ಮೈಮೇಲಿನ ಬಳೆ, ಅವಲಕ್ಕಿ ಸರ, ಎಳೆ ಸರಗಳನ್ನು ಇಲ್ಲಿಂದಲೇ ಒಯ್ದದ್ದು ಎಂದು ಮರಳುವಾಗ ತೋರಿಸಲು, ಹೊರಡುವಾಗಲೇ ಕಸ್ಟಮ್ಸ್ ಕೌಂಟರಿನಲ್ಲಿ ಒಡವೆ ತೋರಿಸಿ ರಫ್ತು ಪ್ರಮಾಣಪತ್ರ ಬರೆಸಿಕೊಳ್ಳಬಹುದು. ಒಂದು ಗಂಟೆ ಮುಂಚೆ ಹೋಗಬೇಕು, ಅಷ್ಟೇ. ವಿದೇಶಿ ನೋಟು 5,000 ಡಾಲರ್ ಮೀರಿದ್ದರೆ ಮರಳುವಾಗ ಘೋಷಿಸಬೇಕು. ಭಾರತದ ನೋಟು 25,000 ರೂಪಾಯಿಗಿಂತ ಹೆಚ್ಚು ಒಯ್ಯುವಂತಿಲ್ಲ, ತರುವಂತಿಲ್ಲ. ಶಿವಮೊಗ್ಗದ ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿದ್ದರೂ ಅದು ದೇಶದೊಳಗಿನ ವಿಮಾನಗಳಿಗಷ್ಟೇ ಸೀಮಿತವಾದ್ದರಿಂದ, ವಲಸೆ ಮತ್ತು ಕಸ್ಟಮ್ಸ್ ಎರಡೂ ಭಾರತದ ನೆಲ ಮುಟ್ಟಿದ ಮೊದಲ ಊರಿನಲ್ಲೇ, ಬಹುತೇಕ ಬೆಂಗಳೂರಿನಲ್ಲೇ, ಮುಗಿಯುತ್ತವೆ. ಪೆಟ್ಟಿಗೆಗಳನ್ನು ಅಲ್ಲಿ ಇಳಿಸಿಕೊಂಡು, ಕಸ್ಟಮ್ಸ್ ದಾಟಿಸಿ, ಮತ್ತೆ ಒಪ್ಪಿಸಬೇಕು.

ಭಾವನವರು ಮತ್ತು ಅಕ್ಕ ಮುಂದಿನ ಸಲ ಹೋದಾಗ ಕೆನಡಾದ ವೀಸಾ ಮಾಡಿಸಿಕೊಂಡೇ ಸಿಯಾಟಲ್‌ನಲ್ಲಿ ಹಡಗು ಹತ್ತಿದರು. ಚೆಕ್-ಇನ್ ಕೌಂಟರಿನಲ್ಲಿ ಅದನ್ನು ಎರಡು ಸಲ ತಿರುವಿ ನೋಡಿದರಂತೆ. ವಿಕ್ಟೋರಿಯಾ ಬಂದಾಗ ಸಂಜೆಯಾಗಿತ್ತು, ಆಗುಂಬೆಯನ್ನು ನೆನಪಿಸುವ ಜಡಿಮಳೆ ಬೇರೆ. "ಮಳೆ ನೋಡೋಕೆ ಅಷ್ಟು ದೂರ ಬರಬೇಕಿತ್ತಾ" ಎಂದು ಅಕ್ಕ ಕೋಣೆಯಲ್ಲೇ ಉಳಿದರು. ಭಾವನವರು ಮಾತ್ರ ಕೊಟ್ಟ ಹಣಕ್ಕಾದರೂ ಕೆನಡಾ ಮೆಟ್ಟಿ ಬರುತ್ತೇನೆಂದು ಛತ್ರಿ ಹಿಡಿದು ಇಳಿದು, ಬಂದರಿನ ದಾರಿಯಲ್ಲಿ ಅರ್ಧ ಮೈಲಿ ನಡೆದು ಬಂದರು. ಇಳಿಯುವಾಗಲೂ ಹತ್ತುವಾಗಲೂ ಅವರ ಹಡಗಿನ ಕಾರ್ಡು ಒಮ್ಮೆ ಕುಯ್ ಎಂದಿತೇ ಹೊರತು, ಆ ವೀಸಾವನ್ನು ಯಾರೂ ಕೇಳಲಿಲ್ಲ.